ಉಪ್ಪರಿಗೆಯ ಹಾಸ್ಟೆಲ್ಲು

ಮೊನ್ನೆ ಅಡಿಗೆಮನೆಗೆ ಬಣ್ಣ ಹೊಡೆಸುವಾಗ ಬಾಗಿಲ ಹಿಂದೆ ಒಂದು ಚಾರ್ಟ್ ಪೇಪರು ಸಿಕ್ಕಿತು. ಗುಲಾಬಿ ಬಣ್ಣದ್ದು, ನಾಲ್ಕು ಮೂಲೆಗೂ ಗಮ್‌ಟೇಪು, ಮೇಲ್ಗಡೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ‘ಹಾಸ್ಟೆಲ್ ನಿಯಮಗಳು’. ಪೇಂಟಿನವನು ಅದನ್ನು ನಿಂತು ಪೂರ್ತಿ ಓದಿದ.

“ಎಂತ ಟೀಚರ್, ಮೊದಲು ಇಲ್ಲಿ ಹಾಸ್ಟೆಲ್ ಇತ್ತಾ?”

“ಇತ್ತು. ಒಂಬತ್ತು ದಿನ.”

ಅವನು ನನ್ನ ಮುಖ ನೋಡಿ ಬ್ರಷ್ಷು ಎತ್ತಿಕೊಂಡ. ಮುಂದೆ ಕೇಳಲಿಲ್ಲ. ನೀವು ಹಾಗೆ ಬಿಡುವವರಲ್ಲ ಎಂದು ನನಗೆ ಗೊತ್ತು, ಅದಕ್ಕೆ ನಾನೇ ಹೇಳಿಬಿಡುತ್ತೇನೆ.

ನಾನು ಕಾರ್ಕಳದ ಪಕ್ಕದ ಕುಕ್ಕುಂದೂರಿನ ಒಂದು ಅಂಗನವಾಡಿಯ ಟೀಚರು. ಇಪ್ಪತ್ತು ವರ್ಷ ಈ ಕೆಲಸ ಮಾಡಿದವರಿಗೆ ಒಂದು ಕಾಯಿಲೆ ಅಂಟುತ್ತದೆ. ಪ್ರಪಂಚದ ಯಾವ ಕಷ್ಟವನ್ನೇ ಆಗಲಿ, ಚಾರ್ಟ್ ಪೇಪರಿನ ಮೇಲೆ ಮೂರು ಬಣ್ಣದಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಅರ್ಧ ಪರಿಹಾರವಾಯಿತು ಎಂಬ ನಂಬಿಕೆ. ಇನ್ನೊಂದು ಕಾಯಿಲೆಯೂ ಉಂಟು. ಜೂನ್ ತಿಂಗಳಲ್ಲಿ ಹೊಸ ಮಕ್ಕಳನ್ನು ಬಿಟ್ಟು ಹೋಗಲು ಬಂದ ತಾಯಂದಿರು ಕಿಟಕಿಯ ಹೊರಗೆ ನಿಂತು ಕಣ್ಣೊರೆಸಿಕೊಳ್ಳುತ್ತಾರಲ್ಲ, ಅವರನ್ನು ಗದರಿಸುವುದು. “ಎಂತಕ್ಕೆ ಅಳುದು ನೀವು? ಎರಡು ದಿನದಲ್ಲಿ ಮಗು ಸರಿಯಾಗ್ತದೆ. ಹೋಗಿ, ಮನೆಯಲ್ಲಿ ಕೆಲಸ ಇಲ್ವಾ?” ಎಂದು ನಾನು ಕಿಟಕಿಯನ್ನೇ ಹಾಕಿದ್ದುಂಟು.

ಇಷ್ಟು ಗಟ್ಟಿಗಿತ್ತಿಯ ಬಾಲ್ಯದ ಒಂದು ಸಂಗತಿಯನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ನನ್ನ ತವರು ಇನ್ನಂಜೆ. ಒಂಬತ್ತು ವರ್ಷದವಳಿದ್ದಾಗ ಬೇಸಗೆ ರಜೆಗೆ ಕಾಪುವಿನ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಎಷ್ಟು ದೂರ ಎನ್ನುತ್ತೀರಿ? ಗುಡ್ಡದ ಮೇಲೆ ನಿಂತು ಜೋರಾಗಿ ಕರೆದರೆ ಕೇಳಬಹುದೇನೋ, ಅಷ್ಟು. ಒಂದು ವಾರಕ್ಕೆಂದು ಬಟ್ಟೆ ತೆಗೆದುಕೊಂಡು ಹೋದವಳಿಗೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಮ್ಮ ಬೇಕೆನಿಸಿತು. ಮನೆ ನೆನಪಾಗುತ್ತದೆ ಎನ್ನಲು ಮರ್ಯಾದೆ ಬಿಡಲಿಲ್ಲ. ಹೊಟ್ಟೆನೋವು ಎಂದೆ. ಚಿಕ್ಕಮ್ಮ ಓಮದ ನೀರು ಕುಡಿಸಿದರು. ಮತ್ತೆ ಕುಡಿಸಿದರು. ಮೂರನೆಯ ಲೋಟಕ್ಕೆ ನಾನು ಶರಣಾದೆ. ಚಿಕ್ಕಪ್ಪ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟರು. ದಾರಿಯುದ್ದಕ್ಕೂ “ಈಗ ಹೇಗುಂಟು ಹೊಟ್ಟೆನೋವು?” ಎಂದು ಕೇಳುತ್ತಿದ್ದರು. ನಮ್ಮ ಗದ್ದೆಯ ಬದು ಕಂಡ ಕೂಡಲೇ “ಹೋಯ್ತು ಚಿಕ್ಕಪ್ಪ” ಎಂದೆನಂತೆ. ಮದುವೆಯಾಗಿ ಕುಕ್ಕುಂದೂರಿಗೆ ಬಂದ ಮೇಲೂ ಮೊದಲ ಒಂದು ವರ್ಷ ಪ್ರತಿ ಶನಿವಾರ ನನಗೆ ಏನಾದರೊಂದು ನೆವ ಸಿಕ್ಕಿ ಇನ್ನಂಜೆಯ ಕಡೆ ಬಸ್ಸು ಹತ್ತುತ್ತಿದ್ದೆ.

ಈಗ ನನ್ನ ಮಗಳು ಅಶ್ವಿತಾಳ ವಿಷಯ. ಅವಳಿಗೆ ಡಾಕ್ಟರಾಗಬೇಕು. ನೀಟ್ ಪರೀಕ್ಷೆಯನ್ನು ಒಂದು ಸಲ ಬರೆದಳು, ಸೀಟು ಸಿಗಲಿಲ್ಲ. ಒಂದು ವರ್ಷ ಉಪ್ಪರಿಗೆಯ ಕೋಣೆಯಲ್ಲಿ ಕೂತು ಮತ್ತೆ ಓದಿದಳು. ಗೆಳತಿಯರೆಲ್ಲ ನಿಟ್ಟೆಯ ಕಾಲೇಜಿಗೆ ಬ್ಯಾಗು ಹಾಕಿಕೊಂಡು ನಮ್ಮ ಮನೆಯ ಎದುರಿನಿಂದಲೇ ಹೋಗುತ್ತಿದ್ದರು. ಇವಳು ಆ ಹೊತ್ತಿಗೆ ಕಿಟಕಿಯ ಪರದೆ ಎಳೆಯುತ್ತಿದ್ದಳು. ಮಸ್ಕತ್ತಿನಲ್ಲಿರುವ ನನ್ನ ಗಂಡ ವೀಡಿಯೊ ಕಾಲಿನಲ್ಲಿ ಹೇಳಿದ್ದು ಒಂದೇ ಮಾತು: “ಇದು ಕೊನೆಯ ಸಲ ಮಗಾ. ಈ ಸಲವೂ ಆಗದಿದ್ದರೆ ಇಂಜಿನಿಯರಿಂಗು.” ಅವಳು ಆಯ್ತು ಎಂದಳು. ಸರಕಾರಿ ಸೀಟೇ ಆಗಬೇಕು, ಬೇರೆಯದು ನಮ್ಮ ಕೈಗೆ ಎಟುಕುವುದಲ್ಲ, ಇದೂ ಅವಳಿಗೆ ಗೊತ್ತಿತ್ತು.

ರ‍್ಯಾಂಕು ಬಂತು. ಎಂಥ ರ‍್ಯಾಂಕು ಅಂತೀರಿ! ಸಿಗುವುದಿಲ್ಲ ಎನ್ನಲಿಕ್ಕಾಗದು, ಸಿಗುತ್ತದೆ ಎನ್ನಲಿಕ್ಕೆ ಧೈರ್ಯ ಇಲ್ಲ. ಅಲ್ಲಿಂದ ಶುರುವಾಯಿತು ಕಾಯುವ ಕೆಲಸ. ಕಾಯುವುದು ನಾವು, ಕೇಳುವುದು ಊರು. ಬಸ್ಸಿನ ಕಂಡಕ್ಟರು, ರೇಷನ್ ಅಂಗಡಿಯವರು, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತವರು, ಎಲ್ಲರದ್ದೂ ಒಂದೇ ಪ್ರಶ್ನೆ: “ಎಂತಾಯ್ತು ಮಗಳದ್ದು?” ಏನೂ ಆಗಿಲ್ಲ ಎಂದರೆ ಉಚಿತ ಸಲಹೆ. “ಮಣಿಪಾಲ ಹತ್ತಿರವೇ ಉಂಟಲ್ಲ ಮಾರಾಯ್ತಿ, ಅಲ್ಲೇ ಹಾಕಿಬಿಡಿ.” ಅಂಚೆ ಡಬ್ಬಿಗೆ ಕಾಗದ ಹಾಕಿದ ಹಾಗೆ ಮಗಳನ್ನು ಹಾಕಿಬಿಡಬೇಕು!

ಇದರಲ್ಲಿ ನನ್ನ ಅತ್ತಿಗೆ ಸುಮತಿ ಅಕ್ಕ ಎಲ್ಲರಿಗಿಂತ ಮುಂದೆ. ಗಂಡನ ಅಕ್ಕ, ಉಡುಪಿಯಲ್ಲಿ ಇರುವವರು. ಫೋನು ಮಾಡಿ, “ಸೀಟಿನ ಚಿಂತೆ ದೇವರಿಗೆ ಬಿಡು, ನೀನು ರೂಮಿನ ಚಿಂತೆ ಮಾಡು. ರಿಸಲ್ಟ್ ಬಂದ ಮೇಲೆ ಹೋದರೆ ಒಂದು ಮಂಚವೂ ಸಿಕ್ಕುದಿಲ್ಲ” ಎಂದರು. ಕೈಕಟ್ಟಿ ಕೂರುವುದಕ್ಕಿಂತ ಇದು ವಾಸಿ ಎನಿಸಿತು. ಒಂದು ಶನಿವಾರ ಇಬ್ಬರೂ ಮಣಿಪಾಲಕ್ಕೆ ಪೇಯಿಂಗ್ ಗೆಸ್ಟ್ ರೂಮು ನೋಡಲು ಹೋದೆವು. ಯಾವ ಕಾಲೇಜಿಗಾಗಿ ಮಣಿಪಾಲದಲ್ಲಿ ರೂಮು ಎಂದು ನನ್ನನ್ನು ಕೇಳಬೇಡಿ. ನಾವೂ ಕೇಳಿಕೊಂಡಿರಲಿಲ್ಲ.

ರೂಮಿನ ಯಜಮಾನತಿ ಕನ್ನಡಕದ ಮೇಲಿನಿಂದ ನೋಡಿದರು. “ಮಗಳು ಯಾವ ಕಾಲೇಜು?”

“ಅದು ಇನ್ನೂ ಆಗಿಲ್ಲ.”

“ಕೋರ್ಸು?”

“ಎಂಬಿಬಿಎಸ್. ಹೆಚ್ಚುಕಡಿಮೆ.”

“ಹೆಚ್ಚುಕಡಿಮೆ ಎಂಬಿಬಿಎಸ್ ಅಂತ ಒಂದು ಉಂಟಾ?” ಎಂದರು ಆಕೆ. ಆದರೂ ಒಳಗೆ ಕರೆದು ತೋರಿಸಿದರು. ನಾನು ಮಂಚಕ್ಕೆ ಗೇಣು ಹಾಕಿ ಅಳೆದೆ, ಕಿಟಕಿಯ ಚಿಲಕ ಎಳೆದು ನೋಡಿದೆ, ನಲ್ಲಿ ತಿರುಗಿಸಿದೆ. ಸುಮತಿ ಅಕ್ಕ ನೇರ ಮುಖ್ಯ ವಿಷಯಕ್ಕೆ ಬಂದರು. “ಮೀನು?”

“ನಮ್ಮಲ್ಲಿ ವೆಜ್ ಮಾತ್ರ.”

ಸುಮತಿ ಅಕ್ಕ ಚಪ್ಪಲಿ ಹಾಕಿಕೊಂಡೇಬಿಟ್ಟರು. “ಐದೂವರೆ ವರ್ಷ ಮೀನಿಲ್ಲದೆ ಓದಿದರೆ ತಲೆಗೆ ಹತ್ತುದು ಹೇಗೆ?” ಎಂದು ಬಸ್ ಸ್ಟ್ಯಾಂಡಿನವರೆಗೆ ಗೊಣಗಿದರು. ನನಗೆ ಮಾತ್ರ ಬೇರೆಯೇ ಯೋಚನೆ. ರೂಮು ಹೇಗಾದರೂ ಇರಲಿ, ನಮ್ಮ ಹುಡುಗಿಗೆ ಅದರಲ್ಲಿ ಇರಲಿಕ್ಕೆ ಬರುತ್ತದಾ? ಹತ್ತೊಂಬತ್ತು ವರ್ಷದಲ್ಲಿ ಒಂದು ಕರ್ಚೀಫು ಒಗೆದವಳಲ್ಲ. ಕುಚ್ಚಲಕ್ಕಿ ಅನ್ನ ಬಿಟ್ಟರೆ ಬಿಳಿಯ ಬೆಳ್ತಿಗೆ ಅಕ್ಕಿಯದ್ದು ಅವಳಿಗೆ ಮದುವೆ ಮನೆಯಲ್ಲಿ ಮಾತ್ರ ಅಭ್ಯಾಸ. ಕಾರ್ಕಳಕ್ಕೆ ಬಸ್ಸು ತಲುಪುವ ಮೊದಲೇ ನನ್ನ ತಲೆಯಲ್ಲಿ ಚಾರ್ಟ್ ತಯಾರಾಯಿತು.

ನೋಡಿ, ಸೀಟು ಹಂಚುವವರು ನಿಜವಾದ ಹಂಚಿಕೆಗೆ ಮೊದಲು ‘ಅಣಕು ಹಂಚಿಕೆ’ ಎಂದು ಒಂದು ಮಾಡುತ್ತಾರೆ. ನಾವು ಬರೆದುಕೊಟ್ಟ ಕಾಲೇಜುಗಳ ಲಿಸ್ಟು ನೋಡಿ, ಸದ್ಯಕ್ಕೆ ಇಂಥ ಕಡೆ ಸಿಗಬಹುದು ಎಂದು ಸುಮ್ಮನೆ ತೋರಿಸುವುದು. ಅಣಕು ಸೀಟು ಇರಬಹುದಾದರೆ ಅಣಕು ಹಾಸ್ಟೆಲ್ಲು ಯಾಕೆ ಇರಬಾರದು? ಮರುದಿನವೇ ಉಪ್ಪರಿಗೆಯ ಕೋಣೆ ಹಾಸ್ಟೆಲ್ ಎಂದು ಘೋಷಣೆಯಾಯಿತು. ಬೆಳಿಗ್ಗೆ ಆರಕ್ಕೆ ಅಂಗನವಾಡಿಯ ಹಳೇ ಗಂಟೆ. ದಿನಕ್ಕೆ ಒಂದೇ ಬಕೆಟ್ ನೀರು. ತನ್ನ ಬಟ್ಟೆ, ತನ್ನ ಬಟ್ಟಲು ತಾನೇ ತೊಳೆಯಬೇಕು. ಎರಡು ಹೊತ್ತು ಬೆಳ್ತಿಗೆ ಅನ್ನ, ತೆಳು ಸಾರು. ಮನೆಯವರು ಮೇಲೆ ಹೋಗುವಂತಿಲ್ಲ. ಮಾತಾಡುವುದಿದ್ದರೆ ದಿನಕ್ಕೊಮ್ಮೆ ಫೋನು.

ಅಶ್ವಿತಾ ಚಾರ್ಟು ಓದಿ ಸೆಲ್ಯೂಟ್ ಹೊಡೆದಳು. “ಯೆಸ್ ಮೇಡಂ.” ತುಂಬ ದಿನಗಳ ಮೇಲೆ ನಕ್ಕಳು.

ನನ್ನ ಅತ್ತೆಗೆ ಮಾತ್ರ ತಡೆಯಲಾಗಲಿಲ್ಲ. ಅವರು ಹೇಳಿದ್ದು ತುಳುವಿನಲ್ಲಿ. ಬೈಗುಳಗಳನ್ನು ಸೋಸಿ ಕನ್ನಡದಲ್ಲಿ ಕೊಟ್ಟರೆ ಉಳಿಯುವುದು ಇಷ್ಟು: “ಒಂದೇ ಮಾಡಿನ ಅಡಿಯಲ್ಲಿ ಮಗುವಿಗೆ ಉಪವಾಸ ಹಾಕುವವಳನ್ನು ನಾನು ನೋಡಿರಲಿಲ್ಲ.”

ಎರಡನೇ ದಿನ ಸಂಜೆ ಜೋರು ಗಾಳಿ ಬಂತು. ಕಿಟಕಿ ಹಾಕಿದ್ದಾಳೋ ಇಲ್ಲವೋ ಎಂದು ನಾನು ಮೆಟ್ಟಿಲು ಹತ್ತಿದೆ. ಕಿಟಕಿ ಒಂದು ನೆವ, ನಿಮ್ಮಲ್ಲಿ ಮುಚ್ಚಿಡುವುದೇನು. ಬಾಗಿಲು ಹಾಕಿತ್ತು. ತಟ್ಟಿದೆ.

“ಯಾರು?”

“ನಾನು.”

“ನಾನು ಅಂದ್ರೆ?”

“ನಿನ್ನ ಅಮ್ಮ, ಮತ್ಯಾರು!”

“ಅಮ್ಮಂದಿರಿಗೆ ಒಳಗೆ ಬಿಡ್ಲಿಕ್ಕಿಲ್ಲ. ರೂಲ್ ನಂಬರ್ ಏಳು.”

ಏಳನೇ ರೂಲು ಬರೆದವಳು ನಾನೇ, ಅದೂ ಹಸಿರು ಬಣ್ಣದಲ್ಲಿ. ಸುಮ್ಮನೆ ಇಳಿದು ಬಂದೆ. ಆಮೇಲೆ ಫೋನು ಮಾಡಿದರೆ, “ಇವತ್ತಿನ ಕಾಲ್ ಬೆಳಿಗ್ಗೆಯೇ ಆಯ್ತಲ್ಲ ಮೇಡಂ” ಎಂದಳು. ಆ ರಾಣಿಯ ದರ್ಬಾರು ನೋಡಬೇಕಿತ್ತು. ಗಂಟೆಗೆ ಸರಿಯಾಗಿ ಏಳುತ್ತಾಳೆ, ಬಟ್ಟೆ ಒಗೆದು ಬಾಲ್ಕನಿಯಲ್ಲಿ ಸಾಲಾಗಿ ಹರವುತ್ತಾಳೆ, ಸಾರಿನಲ್ಲಿ ಬೇಳೆ ಕಾಣುವುದಿಲ್ಲ ಎಂದು ಮೆಸ್ಸಿಗೆ ಲಿಖಿತ ದೂರು ಕೊಡುತ್ತಾಳೆ. ಕೆಳಗೆ ನಾನು ನೀರಸ ಸಾರು ಕುದಿಸುತ್ತ, ಮೇಲಿನ ಹೆಜ್ಜೆ ಸಪ್ಪಳಕ್ಕೆ ಕಿವಿಕೊಟ್ಟು ಕೂತಿರುತ್ತಿದ್ದೆ. ಮೇಲಿನವಳು ಪಾಸು, ಕೆಳಗಿನವಳು ಫೇಲು.

ಬೆಳ್ತಿಗೆ ಅನ್ನದಲ್ಲಿ ಮಗು ಸೊರಗಿದ್ದರೆ ಎಂದು ಎಂಟನೇ ದಿನ ಅವಳನ್ನು ಅಂಗನವಾಡಿಗೆ ಕರೆದೊಯ್ದು ತೂಕ ನೋಡಿದೆ. ಒಂದು ಕಿಲೊ ಜಾಸ್ತಿ! ತೆಳು ಸಾರಿನಲ್ಲಿ ತೂಕ ಏರಿದ ಮಗುವನ್ನು ನಾನು ನನ್ನ ಸರ್ವೀಸಿನಲ್ಲೇ ಕಂಡಿಲ್ಲ. ಮನೆಗೆ ಬಂದು ವಿಚಾರಣೆ ಮಾಡಿದೆ. ಅತ್ತೆ ಮೊದಲು ಕಿವಿ ಕೇಳಿಸದವರಂತೆ ಕೂತರು, ಆಮೇಲೆ ಒಪ್ಪಿಕೊಂಡರು. ಮಂಡಿನೋವಿನ ಅವರಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ. ಆದ್ದರಿಂದ ಹಿತ್ತಲಲ್ಲಿ ಬಕೆಟ್ಟಿನೊಳಗೆ ಬಂಗುಡೆ ಮೀನಿನ ಫ್ರೈಯ ಡಬ್ಬಿ ಇಡುವುದು, ಬಟ್ಟೆ ಒಣಗಿಸುವ ಹಗ್ಗ ಕಟ್ಟಿ ಮೊಮ್ಮಗಳು ಬಾಲ್ಕನಿಗೆ ಎಳೆದುಕೊಳ್ಳುವುದು. ಒಂದೇ ಬಕೆಟ್ ಎಂಬ ನಿಯಮವನ್ನು ಇಬ್ಬರೂ ಚಾಚೂ ತಪ್ಪದೆ ಪಾಲಿಸಿದ್ದರು.

ಒಂಬತ್ತನೇ ದಿನ ಅಣಕು ಹಂಚಿಕೆ ಬಂತು. ಅಶ್ವಿತಾ ಮೇಲಿನಿಂದ “ಅಮ್ಮಾ” ಎಂದು ಕೂಗಿದ ಕೂಗಿಗೆ ನಾನು ಏಳನೇ ನಿಯಮ, ಎಂಟನೇ ನಿಯಮ ಎಲ್ಲ ತುಳಿದುಕೊಂಡು ಹತ್ತಿದೆ. ಸೀಟು ತೋರಿಸುತ್ತಿತ್ತು. ಸರಕಾರಿ ಸೀಟೇ. ಊರು ಕೊಪ್ಪಳ.

ನಾವು ಫೋನಿನಲ್ಲಿ ಭೂಪಟ ತೆರೆದೆವು. ಕಾರ್ಕಳ ಒಂದು ತುದಿ, ಕೊಪ್ಪಳ ಇನ್ನೊಂದು ತುದಿ. ನಡುವೆ ನನ್ನ ಹೆಬ್ಬೆರಳು ಕಿರುಬೆರಳು ಎಷ್ಟು ಚಾಚಿದರೂ ಮುಟ್ಟಲಿಲ್ಲ. ಸುಮತಿ ಅಕ್ಕನಿಗೆ ಹೇಳಿದೆ. “ಕೊಪ್ಪಳವಾ! ಅಲ್ಲಿ ನಮ್ಮವರು ಯಾರಿದ್ದಾರೆ? ಎಂತ ಮೀನು ಸಿಕ್ಕುತ್ತದೆ? ಲಿಸ್ಟಿನಿಂದ ತೆಗೆದುಬಿಡು, ಮುಂದಿನ ಸುತ್ತಿನಲ್ಲಿ ಹತ್ತಿರ ಎಲ್ಲಿಯಾದರೂ ಆಗ್ತದೆ” ಎಂದರು. ತೆಗೆಯಲು ಮೂರು ದಿನ ಅವಕಾಶವಿತ್ತು. ಮನಸ್ಸಿನೊಳಗೆ ನಾನು ಕಾಯುತ್ತಿದ್ದದ್ದೂ ಅದೇ ಮಾತಿಗೆ. ಸುಳ್ಳು ಯಾಕೆ ಹೇಳಲಿ?

“ಕೊಪ್ಪಳ ತೆಗೆಯುವ” ಎಂದೆ ಮಗಳಿಗೆ.

“ಅಮ್ಮ, ಲಿಸ್ಟಿನಲ್ಲಿ ಅದರ ಮೇಲಿನದ್ದು ಯಾವುದೂ ನನ್ನ ರ‍್ಯಾಂಕಿಗೆ ಬರುದಿಲ್ಲ. ಅದರ ಕೆಳಗೆ ಎಂತ ಇಲ್ಲ. ಅದನ್ನು ತೆಗೆದರೆ ನನಗೆ ಸೀಟೇ ಇಲ್ಲ.” ಅವಳು ಲಿಸ್ಟನ್ನು ನನ್ನ ಮುಖದ ಎದುರು ಹಿಡಿದಳು. “ಇದು ಕೊನೆಯ ಸಲ ಅಂತ ಅಪ್ಪ ಹೇಳಿದ್ದಲ್ವಾ?”

ಏನೇ ಬದಲಾಯಿಸುವುದಿದ್ದರೂ ಒಟಿಪಿ ಬರುವುದು ನನ್ನ ಫೋನಿಗೆ. ಪಾಸ್‌ವರ್ಡೂ ನನ್ನ ಡೈರಿಯಲ್ಲಿ. “ನಾಳೆ ನೋಡುವ” ಎಂದು ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೆಳಗೆ ಬಂದೆ. ಹಿಂದಿನಿಂದ ಬಾಗಿಲು ಹಾಕಿದ ಸದ್ದಾಯಿತು. ಅದು ಅಣಕು ಹಾಸ್ಟೆಲಿನ ಬಾಗಿಲಲ್ಲ, ನಿಜವಾಗಿ ಹಾಕಿದ್ದು.

ಮರುದಿನ ಅಂಗನವಾಡಿಗೆ ಹೋದವಳು ರೇಣವ್ವನಿಗಾಗಿ ಕಾದೆ. ಅಂಗನವಾಡಿಯ ಪಕ್ಕದ ಜಾಗದಲ್ಲಿ ಮನೆ ಕಟ್ಟುತ್ತಿದ್ದಾರೆ. ಅಲ್ಲಿ ಕೆಲಸ ಮಾಡುವ, ಅಲ್ಲಿಯೇ ಶೆಡ್ಡಿನಲ್ಲಿ ಇರುವ ಹೆಂಗಸು ರೇಣವ್ವ. ಅವಳ ಸಣ್ಣ ಮಗಳು ಎರಡು ವರ್ಷದಿಂದ ನನ್ನ ಹತ್ತಿರವೇ ಬರುವುದು. ಉತ್ತರ ಕರ್ನಾಟಕದವಳು ಎಂಬುದು ಗೊತ್ತಿತ್ತು, ಎಲ್ಲಿಯವಳು ಎಂದು ಕೇಳಿರಲಿಲ್ಲ. ರಿಜಿಸ್ಟರಿನಲ್ಲಿ ‘ಹೊರ ಜಿಲ್ಲೆ’ ಎಂದು ಬರೆದಿದ್ದೆ, ಅಷ್ಟು ಸಾಕಿತ್ತು. ಇವತ್ತು ಅವಳ ಬಾಯಿಂದ ಆ ಕಡೆಯ ನಾಲ್ಕು ಕಷ್ಟ ಹೇಳಿಸಿದರೆ ನನ್ನ ಹಟಕ್ಕೆ ಒಂದು ಆಧಾರ ಸಿಗುತ್ತದಲ್ಲ.

“ರೇಣವ್ವ, ನಿಮಗೆ ಕೊಪ್ಪಳ ಗೊತ್ತುಂಟಾ?”

“ಗೊತ್ತೇನಂತ ಕೇಳ್ತೀರೇನ್ರಿ ಟೀಚರ, ನಮ್ಮ ಊರು ಕೊಪ್ಪಳದ ಹಂತ್ಯಾಕ ಐತ್ರಿ.”

“ಅಲ್ಲಿ ಭಾರೀ ಸೆಕೆ ಅಲ್ವಾ?”

“ಬ್ಯಾಸಗ್ಯಾಗ ಸುಡತೈತ್ರಿ. ಆದ್ರ ಇಲ್ಲಿಗತೆ ಬೆವರು ಹರಿಯೂದಿಲ್ಲ.”

“ಮೀನು ಸಿಗುತ್ತದಾ?”

“ಹೊಳಿ ಮೀನು, ಕೆರಿ ಮೀನು ಬರ್ತಾವ್ರಿ.”

“ಸಮುದ್ರದ್ದು?”

“ಸಮುದ್ರ ಇಲ್ರಿ ಟೀಚರ” ಎಂದಳು, ನಾನು ಮಕ್ಕಳಿಗೆ ಹೇಳುವ ದನಿಯಲ್ಲಿ.

“ಊಟ ನಮ್ಮವರಿಗೆ ಆಗ್ಲಿಕ್ಕಿಲ್ಲ, ಅಲ್ಲವಾ?”

“ಮೊದಲ ಎಂಟು ದಿನ ಯಾರಿಗೂ ಆಗೂದಿಲ್ರಿ. ನಿಮ್ಮ ಆ ದಪ್ಪ ಅಕ್ಕಿ ನಮಗೂ ಇಳೀಲಿಲ್ಲ. ಈಗ ನೋಡ್ರಿ, ಅದೇ ಬೇಕು.”

ಒಂದೂ ಆಧಾರ ಸಿಗಲಿಲ್ಲ. ಕೊನೆಯ ಬಾಣ ಬಿಟ್ಟೆ. “ಹೆಣ್ಣುಮಕ್ಕಳು ಅಲ್ಲಿ ಹಾಸ್ಟೆಲಿನಲ್ಲಿ ಇರುವುದು ಕಷ್ಟ ಅಲ್ಲವಾ?”

“ಏನೂ ಆಗೂದಿಲ್ರಿ. ನಮ್ಮ ದೊಡ್ಡಾಕಿ ಕೊಪ್ಪಳದ ಹಾಸ್ಟೆಲ್‌ನ್ಯಾಗ ಅದಾಳಲ್ಲ.”

“ಯಾವ ದೊಡ್ಡವಳು?”

“ನನ್ನ ದೊಡ್ಡ ಮಗಳ್ರಿ, ಭಾಗ್ಯಾ. ಎಂಟನೇ ಕ್ಲಾಸು.”

ಇವಳ ಸಣ್ಣ ಮಗುವಿನ ತೂಕ ನನಗೆ ಗ್ರಾಮಿನ ಲೆಕ್ಕದಲ್ಲಿ ಬಾಯಿಪಾಠ. ಎಷ್ಟು ಹಲ್ಲು, ಯಾವ ಚುಚ್ಚುಮದ್ದು ಬಾಕಿ, ಎಲ್ಲ ಹೇಳಬಲ್ಲೆ. ಇನ್ನೊಬ್ಬ ಮಗಳಿದ್ದಾಳೆ ಎಂಬುದು ಗೊತ್ತಿರಲಿಲ್ಲ. ಆರು ವರ್ಷ ಮೀರಿದ ಮಕ್ಕಳಿಗೆ ನಮ್ಮ ರಿಜಿಸ್ಟರಿನಲ್ಲಿ ಜಾಗ ಇಲ್ಲ. ನನ್ನ ತಲೆಯಲ್ಲಾದರೂ ಇರಬೇಕಿತ್ತು.

“ನೋಡಿ ಎಷ್ಟು ದಿನ ಆಯ್ತು?”

“ಹ್ವಾದ ವರ್ಷ ಉಗಾದಿಗೆ ಹೋಗಿದ್ವಿ. ಈ ವರ್ಷ ಸ್ಲ್ಯಾಬ್ ಹಾಕೂದಿತ್ತು, ಮೇಸ್ತ್ರಿ ಬಿಡಲಿಲ್ಲ. ಹುಡುಗ್ಯಾರ ಕೈಯಾಗ ಫೋನ್ ಕೊಡೂದಿಲ್ರಿ ಅಲ್ಲಿ. ಐತಾರ ವಾರ್ಡನ್ ಬಾಯಾರ ಫೋನಿಗೆ ಮಾತಾಡ್ತೀವಿ.”

“ಬಿಟ್ಟು ಬರುವಾಗ ತುಂಬ ಅತ್ತಳಾ?”

“ಆಕಿ ಅಳಲಿಲ್ರಿ. ನಾನೇ ಅತ್ತೆ, ಹುಬ್ಬಳ್ಳಿ ಬರೂ ತನಕ.” ನಾಚಿ ನಕ್ಕಳು. “ಯಾಕ್ರಿ ಟೀಚರ, ಇಷ್ಟೆಲ್ಲಾ ಕೇಳಾಕತ್ತೀರಿ?”

ಹೇಳಿದೆ. ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. “ಹೌದೇನ್ರಿ! ಅಕ್ಕಾರು ಡಾಕ್ಟರ್ ಆಗಾಕ ನಮ್ಮ ಕಡೆ ಹೊಂಟಾರೇನ್ರಿ!” ಎಂದು ಶೆಡ್ಡಿನ ಕಡೆ ತಿರುಗಿ ಗಂಡನಿಗೂ ಕೂಗಿ ಹೇಳಿದಳು. ಅಷ್ಟು ದಿನದಲ್ಲಿ ನಮ್ಮ ಮಗಳ ವಿಷಯಕ್ಕೆ ಹಾಗೆ ಖುಷಿಪಟ್ಟವರು ಅವಳೊಬ್ಬಳೇ. ಲಿಸ್ಟಿನಿಂದ ತೆಗೆಯುವ ಮಾತು ನನ್ನ ಬಾಯಿಗೆ ಬರಲೇ ಇಲ್ಲ. ನನಗೆ ನಿಜವಾಗಿ ನಾಚಿಕೆಯಾಯಿತು.

ಮಧ್ಯಾಹ್ನ ಮನೆಗೆ ಬಂದು ಅಶ್ವಿತಾಳ ಕೈಗೆ ಫೋನನ್ನೂ ಡೈರಿಯನ್ನೂ ಕೊಟ್ಟೆ. “ಎರಡು ದಿನ ಇದು ನಿನ್ನ ಹತ್ತಿರ ಇರಲಿ. ನನ್ನ ಕೈಯಲ್ಲಿದ್ದರೆ ನಾನು ಮತ್ತೆ ಎಂತಾದರೂ ಮಾಡಿಯೇನು.” ಅವಳು ನನ್ನನ್ನು ತಬ್ಬಿ ಹಿಡಿದಳು. ಆ ಎರಡು ದಿನ ಸುಮತಿ ಅಕ್ಕ ಎಷ್ಟು ಸಲ ಫೋನು ಮಾಡಿದರೂ, “ಅಮ್ಮ ಸ್ನಾನಕ್ಕೆ ಹೋಗಿದ್ದಾರೆ ಅತ್ತೆ” ಎಂಬ ಉತ್ತರ ಸಿಕ್ಕಿತಂತೆ. ಇಂದಿಗೂ ಅವರು ನನ್ನ ಸ್ನಾನದ ಬಗ್ಗೆ ನೆಂಟರಲ್ಲಿ ಹೇಳುವುದುಂಟು.

ನಿಜವಾದ ಹಂಚಿಕೆಯಲ್ಲೂ ಕೊಪ್ಪಳವೇ ಬಂತು. ಮಸ್ಕತ್ತಿನಿಂದ ಗಂಡ ಕ್ಯಾಮರಾವನ್ನು ಸೀಲಿಂಗಿನ ಕಡೆ ತಿರುಗಿಸಿ ಮೂಗು ಒರೆಸಿಕೊಂಡರು. ಅತ್ತೆ ಒಣಮೀನು ಕಟ್ಟಲು ಕೂತರು. ಹೊರಡುವ ಹಿಂದಿನ ದಿನ ರೇಣವ್ವ ನಮ್ಮ ಮನೆಗೆ ಬಂದು ಅಂಗಳದಲ್ಲೇ ನಿಂತಳು. ಒಳಗೆ ಕರೆದರೂ ಬರಲಿಲ್ಲ. ಅಶ್ವಿತಾಳಿಗೆ ಹೇಳಿದಳು: “ಅಕ್ಕಾರ, ಯಾವಾಗರೆ ಪುರುಸೊತ್ತು ಸಿಕ್ರ ನಮ್ಮ ಭಾಗ್ಯಾನ ಒಮ್ಮೆ ನೋಡಿ ಬರ್ರಿ. ಏನೂ ಒಯ್ಯಬ್ಯಾಡ್ರಿ. ಬರೇ ನೋಡಿ, ಹೆಂಗದಾಳ ನನಗ ಹೇಳ್ರಿ.”

ಕೊಪ್ಪಳದ ಹಾಸ್ಟೆಲಿನಲ್ಲಿ ಮಗಳನ್ನು ಬಿಟ್ಟು ನಾನು ಬಸ್ಸು ಹತ್ತಿದೆ. ಹುಬ್ಬಳ್ಳಿ ಬಂತು, ದಾಟಿತು, ನನ್ನ ಅಳು ನಿಲ್ಲಲಿಲ್ಲ. ರೇಣವ್ವ ನನಗಿಂತ ಗಟ್ಟಿ.

ಒಂದು ತಿಂಗಳಾಗಿರಬಹುದು, ಒಂದು ಭಾನುವಾರ ಬೆಳಿಗ್ಗೆ ಅಶ್ವಿತಾಳ ವೀಡಿಯೊ ಕಾಲು. ತೆರೆದರೆ ಅವಳ ಪಕ್ಕದಲ್ಲಿ ಎರಡು ಜಡೆಯ ಒಬ್ಬಳು ಹುಡುಗಿ, ಬೆಂಚಿನ ತುದಿಯಲ್ಲಿ ಕೂತಿದ್ದಾಳೆ. “ಅಮ್ಮ, ವಾರ್ಡನ್ ಪರ್ಮಿಷನ್ ಕೊಟ್ಟಿದ್ದಾರೆ. ಓಡು” ಎಂದಳು.

ನಾನು ನೈಟಿಯ ಮೇಲೊಂದು ಶಾಲು ಹೊದ್ದು ಓಡಿದೆ. ರೇಣವ್ವ ಸಿಮೆಂಟು ಕಲಸುತ್ತಿದ್ದಳು, ಎರಡೂ ಕೈ ಮೊಣಕೈವರೆಗೆ ಬೂದಿ ಬಣ್ಣ. ತೊಳೆಯಲು ಹೋದರೆ ಹೊತ್ತು ಹೋಗುತ್ತದೆ. ನಾನೇ ಫೋನನ್ನು ಅವಳ ಮುಖದ ಎದುರು ಹಿಡಿದೆ. “ಉಂಡೇನವ್ವಾ?” ಎಂದಳು ರೇಣವ್ವ. “ಹ್ಞೂಂ.” “ಎಷ್ಟು ಎತ್ತರ ಆಗೀಯಲ್ಲ, ನಿಲ್ಲು, ನಿಂತು ತೋರ್ಸು.” ಹುಡುಗಿ ಎದ್ದು ನಿಂತಳು. ಆಮೇಲೆ ತಾಯಿ ಮಗಳು ಎಷ್ಟು ಬೇಗ ಬೇಗ ಮಾತಾಡಿದರೆಂದರೆ ಅದು ನನಗೆ ಗೊತ್ತಿರುವ ಕನ್ನಡವೇ ಆದರೂ ಅರ್ಧ ಅರ್ಥವಾಗಲಿಲ್ಲ. ನನ್ನ ತೋಳು ಸೋತು ನಡುಗಲು ಶುರುವಾಯಿತು. ಅಷ್ಟರಲ್ಲಿ ಫೋನಿನೊಳಗಿಂದ ನನ್ನ ಮಗಳ ದನಿ ಬಂತು.

“ಅಮ್ಮ, ಕೈ ಅಲ್ಲಾಡಿಸ್ಬೇಡ. ಅವಳಿಗೆ ಅವಳ ಅಮ್ಮ ಕಾಣುದಿಲ್ಲ.”

ಆ ಭಾನುವಾರ ನನ್ನ ಮಗಳು ನನ್ನೊಡನೆ ಆಡಿದ ಮಾತು ಅಷ್ಟೇ. ಡಾಕ್ಟರು ಹೇಳಿದ ಮೇಲೆ ಕೇಳಲೇಬೇಕಲ್ಲ. ಎಡಗೈಯನ್ನು ಬಲಗೈಗೆ ಊರುಗೋಲು ಮಾಡಿಕೊಂಡು, ಅವರ ಮಾತು ಮುಗಿಯುವವರೆಗೆ ಅಲ್ಲಾಡದೆ ನಿಂತೆ.